ವಿರೂಪಮ್ಮನ ಲಿಟ್ಲು

ಇಂಗ್ಲಿಷಿನಲ್ಲಿ ನನಗೆ ಬರುವುದು ಒಂದೇ ಒಂದು ಮಾತು. ಅದನ್ನು ಕಲಿಸಿದವನು ಜಯತೀರ್ಥ. ಅವನು ಕಲಿಸಿದ ಪರಿಯನ್ನು ನೆನೆದರೆ, ಅದೊಂದೂ ಬಾರದೇ ಇದ್ದಿದ್ದರೆ ಎಷ್ಟು ಸುಖವಾಗಿತ್ತು ಅನ್ನಿಸುತ್ತದೆ.

ಜಯತೀರ್ಥ ಬಳ್ಳಾರಿಯ ಕಚೇರಿಯೊಂದರಲ್ಲಿ ದುಭಾಷಿ. ದೊರೆಗಳು ಇಂಗ್ಲಿಷಿನಲ್ಲಿ ಗದರಿದ್ದನ್ನು ಕನ್ನಡದಲ್ಲಿ, ರೈತರು ಕನ್ನಡದಲ್ಲಿ ಅತ್ತದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಅವನ ಉದ್ಯೋಗ. ನಾನು ರಾಘಣ್ಣ, ಅಡುಗೆಯವನು. ಮಡಿವಂತ ಜಯತೀರ್ಥ ಊರು ಬಿಟ್ಟರೆ ಪರರ ಕೈಯ ನೀರನ್ನೂ ಮುಟ್ಟುವವನಲ್ಲ. ಆದ್ದರಿಂದ ದೊರೆಯ ಹಿಂದೆ ಅವನು, ಅವನ ಹಿಂದೆ ನಾನು, ನನ್ನ ಹಿಂದೆ ನನ್ನ ಹಿತ್ತಾಳೆ ಪಾತ್ರೆಗಳು. ಹೀಗೆ ಸರ್ಕಾರ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಕಾಲುವೆ ನೋಡುವುದಕ್ಕೆ ಕ್ರಾಸ್ಬಿ ಎಂಬ ಹೊಸ ಇಂಜಿನಿಯರ್ ದೊರೆ ಬಂದಿದ್ದ. ತೆಳ್ಳಗೆ, ಉದ್ದಕ್ಕೆ, ಮಾತಿಗೊಮ್ಮೆ ನಾಚುವ ಹುಡುಗ. ಬಂದ ದಿನವೇ ಕಚೇರಿಯಲ್ಲಿ ಚಹಾಕ್ಕೆ 'ಎ ಲಿಟಲ್' ಹಾಲು ಹಾಕು ಅಂದನಂತೆ. ಜಯತೀರ್ಥ ಅದನ್ನು ಸ್ವಲ್ಪ ಹಾಲು ಎಂದು ಜವಾನನಿಗೆ ಹೇಳಿದ. ಜವಾನ ಮರ್ಯಾದಸ್ಥ. ದೊರೆಗೆ ಸ್ವಲ್ಪ ಹಾಕಿದರೆ ಊರಿನ ಮಾನವೇನಾಯಿತು ಎಂದುಕೊಂಡು ತಂಬಿಗೆಯಷ್ಟೂ ಬಗ್ಗಿಸಿದ. ಹಾಲಿನಲ್ಲಿ ಚಹಾ ಎಲ್ಲಿದೆಯೆಂದು ದೊರೆ ಚಮಚೆ ಹಾಕಿ ಹುಡುಕಿದನಂತೆ. ಬೈಗುಳ ಬಿದ್ದದ್ದು ಜಯತೀರ್ಥನಿಗೆ.

ಅಂದಿನಿಂದ ಅವನಿಗೆ ಆ ಮಾತಿನ ಹುಚ್ಚು ಹಿಡಿಯಿತು. ಬಳ್ಳಾರಿಗೆ ರೈಲು ಬಂದು ಹಳೆಯದಾಗಿದ್ದರೂ ಕಾಲುವೆ ನೋಡಲು ಸಿರುಗುಪ್ಪದ ಕಡೆಗೆ ಹೊರಟಾಗ ದೊರೆಗೆ ಕುದುರೆ, ನಮಗೆ ಎತ್ತಿನ ಬಂಡಿಯೇ ಗತಿ. ಆ ಬಂಡಿಯಲ್ಲಿ ನಾನು ತಪ್ಪಿಸಿಕೊಳ್ಳಲಾಗದಂತೆ ಕೂತಿದ್ದಾಗ ಅವನು ಪಾಠ ಶುರುಮಾಡಿದ.

"ನೋಡು ರಾಘಣ್ಣ, ಬರೀ ಲಿಟಲ್ ಅಂದ್ರ ಇದ್ದೂ ಇಲ್ಲಧಂಗ. ಮುಂದ ಒಂದು 'ಎ' ಹಚ್ಚಿದ್ರ, ಸ್ವಲ್ಪ ಅದ, ಕೆಲಸ ನಡೀತದ ಅಂತ."

"ಒಂದಕ್ಷರ ಹಚ್ಚಿದ್ರ ಪಾತ್ರ್ಯಾಗ ಸಾರು ಹೆಚ್ಚಾಗ್ತದೇನಪಾ? ಇಷ್ಟು ದಿನ ನಾ ಸುಮ್ಮನ ನೀರು ಹಾಕಿ ಹೆಚ್ಚು ಮಾಡ್ಲಿಕ್ಕತ್ತಿದ್ದೆ."

"ಚ್ಯಾಷ್ಟಿ ಬ್ಯಾಡ. ಹಾಲು, ನೀರು, ತುಪ್ಪ ಇಂಥವಕ್ಕ ಲಿಟಲ್. ಎಣಸೋ ಪದಾರ್ಥಕ್ಕ ಬ್ಯಾರೆ ಮಾತದ, ಅದನ್ನ ನಾಳೆ ಹೇಳ್ತೀನಿ. ಮುಖ್ಯ ಏನಂದ್ರ, ಇಂಗ್ಲಿಷರು ಸ್ವಲ್ಪ ಅಂದ್ರ ಸ್ವಲ್ಪನ. ಅವರ ಮಾತಿಗೆ ಅಳತಿ ಅದ. ನಮ್ಮವರ ಮಾತಿಗೆ ತಳಾ ಇಲ್ಲ, ಬುಡಾ ಇಲ್ಲ."

ನನಗೆ ಸಿಟ್ಟು ಬಂತು. ಪಂಕ್ತಿಯಲ್ಲಿ ಬಡಿಸಿ ಬಡಿಸಿ ನನ್ನ ಬೆನ್ನು ಬಾಗಿದೆ. ಎಲೆಯ ಮುಂದೆ ಕೂತವನು ಸ್ವಲ್ಪ ಅಂದರೆ ಅದು ಅವನ ನಾಚಿಕೆ. ಸಾಕು ಅಂದರೆ ಅದು ಅವನ ಮರ್ಯಾದೆ. ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, ಮೈಯೆಲ್ಲ ಬಾಗಿಸಿ, ದೇವರಾಣೆ ಅಂದಾಗ ಮಾತ್ರ ಅದು ಸಾಕು. ಆಗಲೂ ಬೆರಳ ಸಂದಿಯಲ್ಲಿ ಒಂದು ಸೌಟು ಇಳಿಸಬೇಕು, ಇಲ್ಲದಿದ್ದರೆ ಅವನು ಮನೆಗೆ ಹೋಗಿ ಬಡಿಸಿದವನ ಕೈ ಸಣ್ಣದು ಅನ್ನುತ್ತಾನೆ. ಇದಕ್ಕಿಂತ ಖಚಿತವಾದ ಅಳತೆ ಲೋಕದಲ್ಲಿ ಯಾವುದಿದೆ?

ಆದರೆ ಉಪದೇಶ ಮಾಡುವವನಿಗೆ ಕಿವಿ ಇರುವುದಿಲ್ಲ. ನಾನು ಗೋಣು ಹಾಕಿದೆ.

ಕುರುಗೋಡಿನಲ್ಲಿ ದೊರೆ ತನ್ನ ಡೇರೆಗೆ ಹೋದ. ನಾವು ಜಯತೀರ್ಥನ ಸೋದರತ್ತೆ ಇಂದಿರಾಬಾಯಿಯ ಮನೆಗೆ ಊಟಕ್ಕೆ ಹೋದೆವು. ಬಡಿಸಿದವಳು ಆಕೆಯ ಹೊಸ ಸೊಸೆ ಅಂಬುಜ. ಮದುವೆಯ ಅರಿಶಿನ ಇನ್ನೂ ಆರಿರಲಿಲ್ಲ ಪಾಪ. ಹಿರಿಯರು ಹೇಳಿದ್ದನ್ನು ಹೇಳಿದಷ್ಟೇ ಮಾಡಬೇಕೆಂದು ತವರಿನಲ್ಲಿ ಕಲಿಸಿ ಕಳಿಸಿದ್ದರೆಂದು ಕಾಣುತ್ತದೆ. ಶಾವಿಗೆ ಪಾಯಸದ ಪಾತ್ರೆ ಹಿಡಿದು ಬಂದಳು. ಜಯತೀರ್ಥ ಶಾಸ್ತ್ರಕ್ಕೆ ಕೈ ಎತ್ತಿ, "ಸ್ವಲ್ಪ ಹಾಕವಾ, ಸ್ವಲ್ಪ," ಅಂದ.

ಅವಳು ಸ್ವಲ್ಪ ಹಾಕಿದಳು. ಎಲೆಯ ಮೇಲೆ ನಾಲ್ಕು ಶಾವಿಗೆ ಎಳೆ, ಒಂದು ದ್ರಾಕ್ಷಿ. ಹಾಕಿ ಮುಂದಕ್ಕೆ ನಡೆದುಬಿಟ್ಟಳು.

ಜಯತೀರ್ಥ ಆ ದ್ರಾಕ್ಷಿಯನ್ನು ನೋಡಿದ. ದ್ರಾಕ್ಷಿ ಅವನನ್ನು ನೋಡಿತು. ನಾನು ಬೇಕೆಂದೇ ದೊಡ್ಡ ದನಿಯಲ್ಲಿ ನನಗೂ ಸ್ವಲ್ಪ ಅಂದೆ. ಇಂದಿರಾಬಾಯಿ ಸೊಸೆಯ ಕೈಯಿಂದ ಪಾತ್ರೆ ಕಸಿದುಕೊಂಡು ಓಡಿಬಂದು ನನ್ನ ಎಲೆಯಲ್ಲಿ ಕೆರೆ ಕಟ್ಟಿದಳು. ಅಷ್ಟರಲ್ಲಿ ಪಾತ್ರೆ ಬರಿದಾಯಿತು. ಜಯತೀರ್ಥನಿಗೆ ಉಳಿದದ್ದು ಆ ದ್ರಾಕ್ಷಿಯೇ.

ಬಂಡಿ ತೆಕ್ಕಲಕೋಟೆ ದಾಟಿತು. ಜಯತೀರ್ಥ, "ಎಂಥಾ ಹುಡುಗಿ ತಂದುಕೊಂಡಾರ. ಸ್ವಲ್ಪ ಅಂದ್ರ ಅಷ್ಟನ ಹಾಕೋದ?" ಅಂದ.

"ಅಕಿ ಮಾತಿಗೆ ಅಳತಿ ಅದ ಬಿಡಪಾ," ಅಂದೆ. ಅವನು ಮುಖ ಆ ಕಡೆ ಮಾಡಿದ.

ಅಲ್ಲಿಯೇ ಎಲ್ಲೋ ದೊರೆಯ ಬಟ್ಲರನ ಬಂಡಿ ಎರೆ ಹೊಲದ ಬಿರುಕಿನಲ್ಲಿ ಸಿಕ್ಕಿ ಅಚ್ಚು ಮುರಿಯಿತು. ದೊರೆಯ ಡಬ್ಬಿ ಊಟ, ಬಿಸ್ಕತ್ತು, ಎಲ್ಲ ಅದರಲ್ಲೇ. ಬಂಡಿ ಬರುವ ದಾರಿ ಕಾಣಲಿಲ್ಲ. ದೇಶನೂರು ಮುಟ್ಟಿದಾಗ ದೊರೆಯ ಮುಖ ಬಾಡಿ ಹೋಗಿತ್ತು.

ದೇಶನೂರಿನವರು ಊರ ಬಾಗಿಲಲ್ಲೇ ಕಾದಿದ್ದರು. ಅವರ ಕಷ್ಟ ಇಷ್ಟೇ. ತುಂಗಭದ್ರೆಯ ಕಾಲುವೆಯಿಂದ ಊರಿನ ಗದ್ದೆಗೆ ನೀರು ಬಿಡುವ ತೂಬಿನ ಬಾಯಿ ಒಂದು ಗೇಣು. ಮೇಲಿನ ಗದ್ದೆಯವರು ಕುಡಿಸಿ ಮುಗಿಸುವ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಭತ್ತದ ಸಸಿ ಹಳದಿಯಾಗುತ್ತಿತ್ತು. ನೀರಿಗೆ ಬರವಿಲ್ಲ, ಬಾಯಿ ಸಣ್ಣದು. ಎರಡು ಮೊಳ ಅಗಲ ಮಾಡಿದರೆ ಕೊನೆಯ ಮಡಿಯವರೆಗೂ ನೀರು ಹರಿಯುತ್ತದೆ. ಕಾಲುವೆ ಬತ್ತಿದ್ದಾಗಲೇ ಕಲ್ಲು ಒಡೆಯಬೇಕು. ದೊರೆ ಬರುವುದು ಇದೊಂದೇ ಸಲ, ಅದೂ ಅಂದು ಹೊತ್ತು ಮುಳುಗುವುದರೊಳಗೆ ಸಿರುಗುಪ್ಪಕ್ಕೆ ಹೊರಡಬೇಕು.

ಊರ ಗೌಡ ದೊಡ್ಡಬಸಪ್ಪ ಇದನ್ನೆಲ್ಲ ಜಯತೀರ್ಥನನ್ನು ಬೇವಿನ ಮರದಡಿ ಕರೆದು ಹೇಳಿದ.

"ಎರಡು ಮೊಳ ಅಂತ ನಾ ಹೇಳಿಬಿಡ್ತೀನಿ ಗೌಡ್ರ, ಚಿಂತಿ ಬ್ಯಾಡ," ಅಂದ ಜಯತೀರ್ಥ.

"ಏ ಏ, ಬ್ಯಾಡ್ರೀ ಸ್ವಾಮಿ! ದೊರಿ ಇವತ್ತು ನಮ್ಮನ್ಯಾಗ ಉಣ್ಣೋರು. ಉಂಡೋರ ಮುಂದ ಇಷ್ಟು ಕೊಡ್ರಿ ಅಷ್ಟು ಕೊಡ್ರಿ ಅಂದ್ರ, ಹಾಕಿದ ಅನ್ನಕ್ಕ ಬೆಲಿ ಕಟ್ಟಿದಂಗ ಆಕೈತಿ. ನಮ್ಮಪ್ಪ ಕೇಳಿಲ್ಲ, ನಾನೂ ಕೇಳಂಗಿಲ್ಲ. ಊಟ ಆದಮ್ಯಾಲೆ ತೂಬಿನ ತನಕ ಕರಕೊಂಡು ಹೋಗೂಣು. ಅವರ ಕಣ್ಣಿಲೆ ನೋಡಿದ್ರ ಅವರಿಗೇ ತಿಳಿತೈತಿ."

ಇದು ಒಳ್ಳೆಯ ಉಪಾಯವೇ. ಆದರೆ ಗೌಡ ತನ್ನ ತಾಯಿಯನ್ನು ಮರೆತಿದ್ದ.

ತಾಯಿ ವಿರೂಪಮ್ಮ. ಎತ್ತರದ ಮುದುಕಿ, ತೋಳುದ್ದದ ಸೌಟು. ಆಕೆಯ ಕೈಯಲ್ಲಿ ಉಂಡು ಎದ್ದವರುಂಟು, ಎದ್ದು ನಡೆದವರಿಲ್ಲ ಎಂದು ಸುತ್ತಿನ ಹಳ್ಳಿಗಳಲ್ಲಿ ಮಾತು. ಜಯತೀರ್ಥ ಜಗಲಿಯ ಆಚೆ ನಿಂತು ಆಕೆಗೂ ಪಾಠ ಹೇಳಿದ. ದೊರೆ 'ಎ ಲಿಟಲ್' ಅಂದರೆ ಸ್ವಲ್ಪವೇ ಹಾಕಬೇಕು, ಅದು ಇಂಗ್ಲಿಷಿನ ಕಟ್ಟಳೆ ಎಂದ.

"ಲಿಟ್ಲು ಅಂದ್ರ ಸ್ವಲ್ಪನಾ?" ಮುದುಕಿ ಕೇಳಿದಳು.

"ಹೌದಮ್ಮಾ. ಸ್ವಲ್ಪ."

"ಅಯ್ಯ, ಅವರಲ್ಲೂ ಹಂಗ ಅಂತಾರ? ಪಾಪ, ಒಳ್ಳೆ ಮಂದಿ." ಆಕೆಯ ಮುಖದಲ್ಲಿ ಅಂಥ ಮಮತೆ ಮೂಡಿತು. ದೊರೆಯ ಗತಿ ಏನೆಂದು ನನಗೆ ಆಗಲೇ ಗೊತ್ತಾಯಿತು.

ನಾನು ಎದುರಿನ ಬೇವಿನ ನೆರಳಲ್ಲಿ ನಮ್ಮಿಬ್ಬರ ಅಡುಗೆಗೆ ಒಲೆ ಹೂಡಿದ್ದೆ. ಗೌಡರ ಪಡಸಾಲೆ ಅಲ್ಲಿಂದ ನಿಚ್ಚಳವಾಗಿ ಕಾಣುತ್ತಿತ್ತು. ದೊರೆಯನ್ನು ಮಣೆಯ ಮೇಲೆ ಕೂರಿಸಿದರು. ಅವನಿಗೆ ಚಕ್ಕಳಮಕ್ಕಳ ಬರಲಿಲ್ಲ. ಎಲೆಯ ಆಚೆಗೊಂದು ಈಚೆಗೊಂದು ಕಾಲು ಚಾಚಿ ಕೂತ. ಜಯತೀರ್ಥ ಸ್ನಾನ ಮಾಡಿ ಊಟಕ್ಕೆ ಅಣಿಯಾಗಿದ್ದವನು, ಮಡಿ ಕೆಡಬಾರದೆಂದು ಅಂಗಳದಲ್ಲೇ ನಿಂತು ದುಭಾಷಿತನ ಮಾಡಬೇಕಾಯಿತು.

ಜೋಳದ ರೊಟ್ಟಿ ಬಂತು, ಬದನೆಕಾಯಿ ಎಣ್ಣೆಗಾಯಿ ಬಂತು, ಗುರೆಳ್ಳು ಚಟ್ನಿ ಬಂತು. ಹಸಿದಿದ್ದ ದೊರೆ ಎಲ್ಲವನ್ನೂ ತಿಂದ. ಆಮೇಲೆ ಹೋಳಿಗೆ. ವಿರೂಪಮ್ಮ ಬುಟ್ಟಿ ಹಿಡಿದು ಬಂದಾಗ ದೊರೆ ನಗುತ್ತ, ಬೆರಳುಗಳನ್ನು ಚೂರೇ ಅಗಲಿಸಿ, "ಎ ಲಿಟಲ್," ಅಂದ.

"ಅಂದ್ನೋ! ಲಿಟ್ಲು ಅಂದ!" ಮುದುಕಿ ಒಳಮನೆಗೆ ಕೇಳುವಂತೆ ಕೂಗಿದಳು. ಎರಡು ಹೋಳಿಗೆ ಬಿದ್ದವು, ಅದರ ಮೇಲೆ ತುಪ್ಪ ಹರಿಯಿತು.

"ಅಮ್ಮಾ, ಲಿಟಲ್ ಅಂದ್ರ ಲಿಟಲ್ಲ!" ಅಂಗಳದಿಂದ ಜಯತೀರ್ಥ ಕೂಗಿದ.

"ಕೇಳ್ಸೇತಿ ಬಿಡ್ರೀ ಸ್ವಾಮಿ, ಉಣ್ಣೋ ಕೂಸಿನ ಮುಂದ ಒದರಬ್ಯಾಡ್ರಿ."

ಇಲ್ಲಿ ಇನ್ನೊಂದು ಅನಾಹುತ ಸೇರಿತು. ದೊರೆಯ ದೇಶದಲ್ಲಿ ಬಡಿಸಿದ್ದನ್ನು ಬಿಡುವುದು ಮರ್ಯಾದೆಯಲ್ಲವಂತೆ. ಹಾಗಾಗಿ ಅವನು ಎಲೆ ಬರಿದು ಮಾಡಿದ. ನಮ್ಮ ದೇಶದಲ್ಲಿ ಬರಿದಾದ ಎಲೆ ಬಡಿಸುವವಳಿಗೆ ಅವಮಾನ. ಹಾಗಾಗಿ ಆಕೆ ತುಂಬಿದಳು. ಅವನು ಮರ್ಯಾದೆಯಿಂದ ಮತ್ತೆ ಬರಿದು ಮಾಡಿದ. ಆಕೆ ಮರ್ಯಾದೆಯಿಂದ ಮತ್ತೆ ತುಂಬಿದಳು. ಇಬ್ಬರೂ ಸಂಭಾವಿತರು, ಹಿಂದೆ ಸರಿಯುವವರಲ್ಲ. ಎಲೆಗೆ ಕೈ ಅಡ್ಡ ಹಿಡಿಯಬೇಕೆಂದು ದೊರೆಗೆ ಗೊತ್ತಿಲ್ಲ. ಅದನ್ನು ಹೇಳಿಕೊಡಬೇಕೆಂದು ನಮ್ಮ ಪಂಡಿತನಿಗೆ ಹೊಳೆಯಲಿಲ್ಲ. ಅವನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಆ ಮಾತಿನ ಅರ್ಥವನ್ನೇ ಕೂಗಿ ಕೂಗಿ ಹೇಳುತ್ತಿದ್ದ.

ಪ್ರತಿ ಸಲವೂ ದೊರೆ 'ಎ ಲಿಟಲ್' ಅನ್ನುವನು. ದನಿ ಮಾತ್ರ ಸಲಸಲಕ್ಕೂ ಕ್ಷೀಣಿಸುತ್ತಿತ್ತು. ಅನ್ನ ಸಾರು ಮುಗಿದು, ಕಡೆಯ ಅನ್ನಕ್ಕೆ ಮೊಸರು ಬಂದಾಗ ಅವನು 'ಲಿಟಲ್' ಎಂದಷ್ಟೇ ಅಂದ. ಮುಂದಿನ 'ಎ' ಹೇಳಲು ಉಸಿರಿರಲಿಲ್ಲ. ಮುದುಕಿಗೆ ಆ ಭೇದ ತಿಳಿಯಲಿಲ್ಲ. ಕುಡಿಕೆಯಷ್ಟೂ ಬಗ್ಗಿಸಿದಳು.

ಊಟವಾದ ಮೇಲೆ ನಾಲ್ಕು ಜನ ಸೇರಿ ಅವನನ್ನು ಎಬ್ಬಿಸಿದರು. ತೂಬಿನ ಕಡೆಗೆ ಹೋಗೋಣವೆಂದು ಗೌಡ ಕೈಮುಗಿದ. ದೊರೆ ಎರಡು ಹೆಜ್ಜೆ ಇಟ್ಟ, ಅಂಗಳದಲ್ಲಿದ್ದ ಹೊರಸನ್ನು ಕಂಡ, ಅದರ ಮೇಲೆ ಒರಗಿದ. ಒರಗಿದವನು ಗೊರಕೆ ಹೊಡೆಯತೊಡಗಿದ.

ಊರೆಲ್ಲ ಸುತ್ತ ನಿಂತಿತು. ನೆರಳು ಉದ್ದವಾಯಿತು. ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಉಂಡು ಮಲಗಿದ ಅತಿಥಿಯನ್ನು ಎಬ್ಬಿಸುವುದೆಂದರೆ ಪಾಪ, ಅದರಲ್ಲೂ ಅವನು ದೊರೆ. ಕಲ್ಲು ಒಡೆಯಲು ಬಂದಿದ್ದ ಉಪ್ಪಾರ ಹೊನ್ನೂರಪ್ಪ ಉಳಿ ಸುತ್ತಿಗೆ ಮುಂದಿಟ್ಟುಕೊಂಡು ಆಕಳಿಸುತ್ತ ಕೂತ. ಗೌಡ ಒಮ್ಮೆ ಸೂರ್ಯನನ್ನು, ಒಮ್ಮೆ ತಾಯಿಯನ್ನು ನೋಡಿದ. ನನಗೆ ನಿಜವಾಗಿ ಸಂಕಟವಾಯಿತು. ಅಷ್ಟು ಚೆಂದದ ಊಟ ಹಾಕಿ, ಅದೇ ಊಟದಿಂದ ನೀರು ಕಳೆದುಕೊಳ್ಳುವ ಊರನ್ನು ನಾನು ಕಂಡಿರಲಿಲ್ಲ.

ಕಡೆಗೆ ಒಂದು ಆಕಳು ಅಂಬಾ ಅಂದದ್ದರಿಂದ ದೊರೆಗೆ ಎಚ್ಚರವಾಯಿತು. ಎದ್ದು ಕೂತು ಗಡಿಯಾರ ತೆಗೆದು ನೋಡಿ ಗಾಬರಿಯಾದ. ತೂಬಿನವರೆಗೆ ಹೋಗಲು ಹೊತ್ತಿಲ್ಲ, ಹೊಟ್ಟೆ ಹೊತ್ತು ಹೋಗಲು ಕಾಲಿಲ್ಲ. ಜಯತೀರ್ಥನ ಕಡೆ ತಿರುಗಿ ಏನೋ ಕೇಳಿದ.

"ಗೌಡ್ರ, ತೂಬು ಎಷ್ಟು ಅಗಲ ಆಗ್ಬೇಕು ಅಂತ ನೀವ ಹೇಳ್ರಿ ಅಂತಾರ. ಹೇಳಿದಷ್ಟು ಈಗ್ಲೇ ಹುಕುಂ ಕೊಡ್ತಾರಂತ."

ಊರೆಲ್ಲ ಗೌಡನ ಬಾಯಿ ನೋಡಿತು. ಹೇಳಪ್ಪಾ, ಎರಡು ಮೊಳ ಅನ್ನು! ಒಲೆಯ ಮುಂದೆ ಕೂತಿದ್ದ ನಾನು ಮನಸ್ಸಿನಲ್ಲೇ ಕೂಗಿದೆ.

ದೊಡ್ಡಬಸಪ್ಪ ರುಮಾಲು ಸರಿಮಾಡಿಕೊಂಡ, ನೆಲ ನೋಡಿದ, ಮದುಮಗನ ಹಾಗೆ ನಾಚಿದ.

"ಏನಿಲ್ಲ ತಗೀರಿ... ಸ್ವಲ್ಪ ಅಗಲ ಆದ್ರ ಸಾಕ್ರಿ."

"ಗೌಡ್ರ!" ಜಯತೀರ್ಥ ಹಲ್ಲು ಕಚ್ಚಿ ಮೆಲ್ಲಗೆ ಅಂದ. "ಎರಡು ಮೊಳ ಅಂತ ಹೇಳ್ಲ್ಯಾ?"

"ಬ್ಯಾಡ್ರಿ, ನಿಮಗ ನಮ್ಮ ಬಸವಣ್ಣನ ಆಣಿ! ನಾ ಅಂದಷ್ಟ ಹೇಳ್ರಿ."

ಪಾಪ ಜಯತೀರ್ಥ. ಇಂಗ್ಲಿಷಿನವರು ಸ್ವಲ್ಪ ಅಂದರೆ ಸ್ವಲ್ಪವೇ ಎಂದು ಬಳ್ಳಾರಿಯಿಂದ ಸಾರಿಕೊಂಡು ಬಂದವನು ಅವನೇ. ಗೌಡನ ಸ್ವಲ್ಪದಲ್ಲಿ ಎಷ್ಟು ಮೊಳ ಹಿಡಿಯುತ್ತದೆಂದು ಅವನಿಗೆ ಗೊತ್ತು. ಅದನ್ನು ಹೇಳುವಂತಿಲ್ಲ. ಆಣೆ ಇಟ್ಟಿದ್ದಾರೆ. ಬೆವರು ಒರೆಸಿಕೊಂಡು ಸಣ್ಣಗೆ, "ಎ ಲಿಟಲ್, ಸರ್," ಅಂದ.

ದೊರೆಗೆ ಸಂತೋಷವಾಯಿತು. ಇಷ್ಟು ಅಲ್ಪತೃಪ್ತರಾದ ಜನರನ್ನು ಅವನು ಕಂಡಿರಲಿಲ್ಲವೆಂದು ತೋರುತ್ತದೆ. ಹೊನ್ನೂರಪ್ಪನ ಕಡೆಗೆ ಕೈ ಎತ್ತಿ ಎರಡು ಬೆರಳು ಜೋಡಿಸಿ ತೋರಿಸಿದ. ಎರಡು ಬೆರಳಗಲ. ಹೊನ್ನೂರಪ್ಪ ತನ್ನ ದೊಡ್ಡ ಸುತ್ತಿಗೆಯನ್ನು ನೋಡಿಕೊಂಡ. ಜನರ ಮುಖ ಇಳಿದುಹೋಯಿತು. ಕೆಳಗಿನ ಗದ್ದೆಯ ಉಜ್ಜಿನಪ್ಪ ಅಲ್ಲೇ ಕುಕ್ಕರಿಸಿಬಿಟ್ಟ. ಗೌಡ ಮಾತ್ರ ಕೈಮುಗಿದುಕೊಂಡು, "ಭಾಳ ಆತ್ರಿ, ಭಾಳ ಆತು," ಅನ್ನುತ್ತಿದ್ದ. ನನಗೆ ಅವನನ್ನು ಸೌಟಿನಿಂದ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು.

ಅಷ್ಟರಲ್ಲಿ ಒಳಗಿನಿಂದ ಬಳೆ ಸದ್ದು.

ಅಡುಗೆಮನೆಯಲ್ಲಿದ್ದ ವಿರೂಪಮ್ಮನ ಕಿವಿಗೆ ಜಯತೀರ್ಥನ ಇಂಗ್ಲಿಷು ಬಿದ್ದಿತ್ತು. ಆ ಮಾತು ಕೇಳಿದ ಮೇಲೆ ಸುಮ್ಮನಿರುವ ಹೆಂಗಸಲ್ಲ ಆಕೆ. ಕೂಸು ಎದ್ದಿದೆ, ಲಿಟ್ಲು ಕೇಳುತ್ತಿದೆ, ಪಾಪ ದುಭಾಷಿಯ ಬಾಯಲ್ಲಿ ಹೇಳಿಸುತ್ತಿದೆ! ಹೋಳಿಗೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು, ಸೆರಗು ಬಿಗಿದುಕೊಂಡು ಹೊಸ್ತಿಲು ದಾಟಿದಳು.

"ಬಂದೆ ತಡಿಯಪ್ಪ, ಲಿಟ್ಲು ತಂದೆ!"

ದೊರೆ ಆಕೆಯನ್ನು ನೋಡಿದ. ಬುಟ್ಟಿಯನ್ನು ನೋಡಿದ. ಎರಡು ಹೆಜ್ಜೆ ನಡೆಯಲಾರೆನೆಂದು ಒರಗಿದ್ದವನು ಹೊರಸನ್ನು ಹಾರಿ ಅದರ ಆಚೆ ನಿಂತ. ನಿಂತು, ಎರಡೂ ಅಂಗೈಗಳನ್ನು ಮುಂದಕ್ಕೆ ಅಡ್ಡ ಹಿಡಿದು, ಮೈಯೆಲ್ಲ ಬಾಗಿಸಿದ. ಯಾರೂ ಹೇಳಿಕೊಡದೆ ಆ ವಿದ್ಯೆ ಅವನಿಗೆ ತಾನಾಗಿ ಬಂತು.

ಆಮೇಲೆ ಅವನು ಹಾಗೇ ನಿಂತುಬಿಟ್ಟ. ಜಯತೀರ್ಥನನ್ನು ನೋಡಿದ, ಬುಟ್ಟಿಯನ್ನು ನೋಡಿದ, ಉಜ್ಜಿನಪ್ಪನ ಮುಖವನ್ನು ನೋಡಿದ, ಕಡೆಗೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತನ್ನದೇ ಎರಡು ಬೆರಳುಗಳನ್ನು ನೋಡಿದ. ಮೆಲ್ಲಗೆ ಏನೋ ಕೇಳಿದ.

ಜಯತೀರ್ಥನ ಮುಖ ಅರಳಿತು. "ಅಮ್ಮಾ, ಬುಟ್ಟಿ ಕೆಳಗಿಡ್ರಿ. ಈ ಊರಾಗ ಲಿಟಲ್ ಅಂದ್ರ ಎಷ್ಟು ಅಂತ ನೀವು ಕೈಯಿಲೆ ತೋರಸ್ಬೇಕಂತ."

"ಏನವ್ವಾ ತೋರಸ್ತಿ, ಒಳಗ ನಡಿ," ಗೌಡ ಗಾಬರಿಯಿಂದ ಅಂದ. ಮುದುಕಿ ಮಗನ ಮಾತು ಕೇಳಿ ಯಾವ ಕಾಲವಾಗಿತ್ತೋ. ಬುಟ್ಟಿ ಇಳಿಸಿದಳು. ಎರಡು ತೋಳನ್ನೂ ಅಗಲಿಸಿ, ಒಂದು ದೊಡ್ಡ ಕುಂಬಳಕಾಯಿಯನ್ನು ಅಡ್ಡಡ್ಡ ಹಿಡಿದವಳಂತೆ ನಿಂತು, "ಇಷ್ಟ ನೋಡಪ್ಪ. ಲಿಟ್ಲು," ಅಂದಳು.

ದೊರೆ ಹೊನ್ನೂರಪ್ಪನಿಗೆ ಸನ್ನೆ ಮಾಡಿದ. ಹೊನ್ನೂರಪ್ಪ ಹಗ್ಗ ತಂದು ಆಕೆಯ ಈ ಕೈಯಿಂದ ಆ ಕೈಗೆ ಹಿಡಿದು, ಎರಡೂ ತುದಿಗೆ ಗಂಟು ಹಾಕಿದ. ಮೊಳ ಹಾಕಿ ನೋಡಿ, ಹೆದರಿ ಮತ್ತೆ ನೋಡಿದ.

"ಸ್ವಾಮಿ, ಮೂರು ಮೊಳ ಬರತೈತ್ರಿ."

"ಎ ಲಿಟಲ್," ಅಂದ ದೊರೆ ಗಂಭೀರವಾಗಿ. ಗಂಟು ಹಾಕಿದ ಹಗ್ಗವನ್ನು ಹೊನ್ನೂರಪ್ಪನ ಕೊರಳಿಗೇ ಹಾರದ ಹಾಗೆ ಹಾಕಿ, ತೂಬಿನ ದಿಕ್ಕಿಗೆ ಕೈ ತೋರಿಸಿದ. ಆಮೇಲೆ ಮುದುಕಿಗೆ ನಮಸ್ಕಾರ ಮಾಡಿ, ಆಕೆ ಬುಟ್ಟಿ ಎತ್ತುವುದರೊಳಗೆ ಕುದುರೆ ಹತ್ತಿದ. ಅವನನ್ನು ಹತ್ತಿಸಲು ಮೂವರು ಬೇಕಾಯಿತು.

ದೊರೆ ಮರೆಯಾದ ಮೇಲೆ ಗೌಡ ತಾಯಿಯ ಮೇಲೆ ಹರಿಹಾಯ್ದ. "ಊರ ಮಾನ ಕಳದಿ ಬೇ! ಉಂಡೋರ ಮುಂದ ಅಷ್ಟು ಅಗಲ ಕೈ ಚಾಚತಾರೇನು?"

"ಲೇ, ನನಗ ಮಾನ ಮರ್ಯಾದಿ ಹೇಳಿಕೊಡ್ತೀಯೇನು?" ವಿರೂಪಮ್ಮ ಅಂದಳು. "ಹೆಚ್ಚು ಕೇಳಬಾರ್ದು ಅಂತ ಮೊಣಕೈ ಮಡಚಿ ಹಿಡಿದಿದ್ದೆ. ಇಲ್ಲಾಂದ್ರ ಪೂರ್ತಿ ಒಂದು ಮಾರು ಹಿಡೀತಿದ್ದೆ."

ಹಿಂದಿರುಗುವಾಗ ಕುರುಗೋಡಿನಲ್ಲಿ ಮತ್ತೆ ಇಂದಿರಾಬಾಯಿಯ ಮನೆ, ಮತ್ತೆ ಪಾಯಸ. ಅಂಬುಜ ಸೌಟು ಹಿಡಿದು, ಹಿಂದಿನ ಸಲ ಅತ್ತೆಯಿಂದ ತಿಂದ ಬೈಗುಳ ನೆನೆದು, ಎಷ್ಟು ಹಾಕಲಿ ಎಂದು ಕೇಳಿದಳು. ಜಯತೀರ್ಥ ನನ್ನ ಕಡೆ ಒಮ್ಮೆ ನೋಡಿ, ಎರಡು ಕೈಯನ್ನೂ ಅಗಲ ಮಾಡಿ ತೋರಿಸಿದ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಮಳೆಗಾಲದಲ್ಲಿ ಕಾಲುವೆ ತುಂಬಿದಾಗ ಗೌಡ ನಮ್ಮಿಬ್ಬರನ್ನೂ ಕರೆಸಿದ್ದ. ಹೊಸ ತೂಬು ಎತ್ತಿದರು. ಮೂರು ಮೊಳದ ಬಾಯಿಯಿಂದ ಕೆಂಪು ನೀರು ಭೋರೆಂದು ಇಳಿದು, ಮೇಲಿನ ಗದ್ದೆ ದಾಟಿ, ನಡುವಿನ ಗದ್ದೆ ದಾಟಿ, ಉಜ್ಜಿನಪ್ಪನ ಕಡೆಯ ಮಡಿಗೂ ಹೋಗಿ ಮುಟ್ಟಿತು. ಅವನು ಬದುವಿನ ಮೇಲೆ ನಿಂತು ಅಳುತ್ತಿದ್ದ. ನೀರು ಬದುವಿನ ಅಂಚಿಗೆ ಬಂದದ್ದು ಕಂಡು ಗೌಡ, "ಸಾಕು, ಸಾಕು, ತೂಬು ಇಳಸ್ರೋ!" ಎಂದು ಕೂಗಿದ.

ತೂಬಿನ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು ವಿರೂಪಮ್ಮ. ಹೊನ್ನೂರಪ್ಪನ ಕೈ ಹಿಡಿದು ತಡೆದಳು.

"ಅವ ಹಂಗ ಅಂತಾನ. ಇನ್ನೊಂದು ಲಿಟ್ಲು ಬರ್ಲಿ ತಡಿ."